ಗವಿಮಿಗದ ಪೊರೆ

ಬಹಳ ಹಿಂದಿನ ಮಾತು. ಬೆಟ್ಟದ ತುದಿಯಲ್ಲಿ ಒಂದು ರಾಜ್ಯವಿತ್ತು. ಕೂಗುಗಿರಿ ಎಂದು ಅದರ ಹೆಸರು. ಸುತ್ತ ಕಲ್ಲಿನ ಗೋಡೆ. ಗೋಡೆಯ ಕೆಳಗೆ ಕಣಿವೆ. ಕಣಿವೆಯಲ್ಲಿ ಸದಾ ಮಂಜು.

ಮಂಜಿನಲ್ಲಿ ಗವಿಮಿಗ ಎಂಬ ಮೃಗ ಇತ್ತು.

ಅದಕ್ಕೆ ಕಣ್ಣಿರಲಿಲ್ಲ. ಕಿವಿ ಇತ್ತು. ಮೈ ಬೆಳ್ಳಗೆ, ಒದ್ದೆ. ಕೈಗಳು ಮನುಷ್ಯರ ಕೈಯಂತೆ, ಆದರೆ ಬಹಳ ಉದ್ದ. ದನಿ ಇಲ್ಲದ ಕಡೆಗೆ ಅದು ಬರುತ್ತಿತ್ತು. ಮಕ್ಕಳನ್ನು ಒಯ್ಯುತ್ತಿತ್ತು. ಒಂದಕ್ಕೆ ಮಾತ್ರ ಹೆದರುತ್ತಿತ್ತು. ಮಗುವೊಂದು ಬಾಯಿ ತುಂಬ ತನ್ನ ಹೆಸರು ಕೂಗಿದರೆ ಅದರ ಚರ್ಮ ಸುಡುತ್ತಿತ್ತು. ದೊಡ್ಡವರ ದನಿ ಅದಕ್ಕೆ ತಾಗುತ್ತಿರಲಿಲ್ಲ.

ಹಾಗಾಗಿ ಕೂಗುಗಿರಿಯಲ್ಲಿ ಒಂದು ಪದ್ಧತಿ. ಮಗುವಿನ ಮೊದಲ ಹಾಲುಹಲ್ಲು ಬಿದ್ದ ಕೂಡಲೆ ಗೋಡೆಯ ಮೇಲೆ ಅದಕ್ಕೊಂದು ಕಲ್ಲು ಗೊತ್ತುಮಾಡುತ್ತಿದ್ದರು. ಹೊತ್ತು ಮುಳುಗುವಾಗ ಮಕ್ಕಳು ತಂತಮ್ಮ ಕಲ್ಲು ಹತ್ತಿ, ಕಣಿವೆಗೆ ಮುಖಮಾಡಿ, ಹೆಸರು ಕೂಗಬೇಕು. ಅದಕ್ಕೆ ಸಂಜೆಗೂಗು ಎನ್ನುತ್ತಿದ್ದರು. ಹುಡುಗಿಯರ ಕಲ್ಲು, ಹುಡುಗರ ಕಲ್ಲು ಎಂಬ ಭೇದವಿರಲಿಲ್ಲ. ಗಂಟಲಿದ್ದವರು ಕೂಗುತ್ತಿದ್ದರು.

ಗೋಡೆ ಕಟ್ಟುವ ಮಾಚಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡವಳು ಚಟ್ಟಲೆ. ಚಿಕ್ಕವನ ಹೆಸರು ಬಿಟ್ಟ. ಇಬ್ಬರ ಕಲ್ಲೂ ಅಕ್ಕಪಕ್ಕ. ಚಟ್ಟಲೆಯ ದನಿ ಒರಟು. ಅವಳು ಕೂಗಿದರೆ ಮರದ ಕಾಗೆಗಳು ಏಳುತ್ತಿದ್ದವು. ನಿನ್ನ ಮದುವೆಗೆ ಓಲಗ ಬೇಡ ಬಿಡು ಎಂದು ತಾಯಿ ಕಾಳವ್ವೆ ತಮಾಷೆ ಮಾಡುತ್ತಿದ್ದಳು. ಬಿಟ್ಟನಿಗೆ ಕತ್ತಲೆ ಎಂದರೆ ಭಯ. ಮಂಜು ಮೇಲೆ ಬಂದರೆ ಅಕ್ಕನ ಸೆರಗು ಹಿಡಿಯುತ್ತಿದ್ದ. ಹಿಡಿದುಕೊಂಡೇ ಕೂಗುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಹೆದರಿದವನ ಕೂಗು ಇನ್ನೂ ದೂರ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಬ್ಬ ಮಾಯಗಾರ ಬಂದ.

ಅವನ ಹೆಸರು ಯಾರಿಗೂ ತಿಳಿಯದು. ಎತ್ತಿನ ಗಾಡಿ ತಂದಿದ್ದ. ಗಾಡಿಯಲ್ಲಿ ಒಂದು ದೀಪ, ಒಂದು ಬಿಳಿ ತೆರೆ. ಅರಮನೆಯ ಮುಂದಿನ ಮಂಟಪಕ್ಕೆ ಸುತ್ತಲೂ ಕಂಬಳಿ ಕಟ್ಟಿ ಹಗಲಲ್ಲೇ ಕತ್ತಲೆ ಮಾಡಿದ. ತೆರೆ ಇಳಿಬಿಟ್ಟ. ದೀಪ ಹಚ್ಚಿದ. ತೆರೆಯ ಮೇಲೆ ಬಣ್ಣದ ಚಿತ್ರಗಳು ಎದ್ದು ನಿಂತವು. ನಡೆದವು. ಮಾತಾಡಿದವು. ಹಾಡಿದವು. ಕಡ್ಡಿ ಇಲ್ಲ, ದಾರ ಇಲ್ಲ, ಹಿಂದೆ ಆಡಿಸುವವರಿಲ್ಲ.

ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ದೊಡ್ಡವರೂ ನೋಡಿದರು.

ಅವನನ್ನು ಜನ ತೆರೆಯವನು ಎಂದು ಕರೆದರು. ದಿನಾ ಮಧ್ಯಾಹ್ನ ಆಟ. ದಿನಾ ಒಂದೇ ಕತೆ. ಸೀರೆಯ ಬಣ್ಣ ಬೇರೆ, ಅಷ್ಟೆ. ಒಬ್ಬ ರಾಜಕುಮಾರಿ. ಕಣ್ಣು ಬೋಗುಣಿಯಷ್ಟು ದೊಡ್ಡವು. ನಡು ಬಳೆಯೊಳಗೆ ತೂರುವಷ್ಟು ಸಣ್ಣ. ಗೋಪುರದಲ್ಲಿ ಕೂತಿರುತ್ತಾಳೆ. ಮೆಲ್ಲಗೆ ಹಾಡುತ್ತಾಳೆ. ಕಾಯುತ್ತಾಳೆ. ಒಬ್ಬ ರಾಜಕುಮಾರ. ಎದೆ ಕದದಷ್ಟು ಅಗಲ. ಒಬ್ಬನೇ ಬರುತ್ತಾನೆ. ಯಾರನ್ನೂ ಕರೆಯುವುದಿಲ್ಲ. ಅಳುವುದಿಲ್ಲ. ಮೃಗವನ್ನು ಕೊಲ್ಲುತ್ತಾನೆ. ಗೋಪುರ ಹತ್ತುತ್ತಾನೆ. ಮದುವೆ.

ನೋಡಲು ಬಹಳ ಚೆಂದವಿತ್ತು. ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಕೆಲವು ದಿನ ಕಳೆದವು. ಮಕ್ಕಳ ಆಟ ಬದಲಾಯಿತು. ಮೊದಲು ಎಲ್ಲರೂ ಸೇರಿ ಗವಿಮಿಗದ ಆಟ ಆಡುತ್ತಿದ್ದರು. ಈಗ ಹುಡುಗಿಯರು ಜಗಲಿಯಲ್ಲಿ ಸಾಲಾಗಿ ಕೂತರು. ಕೂರುವುದೇ ಆಟ. ಯಾರು ಅಲುಗದೆ ಹೆಚ್ಚು ಹೊತ್ತು ಕೂರುತ್ತಾರೋ ಅವಳೇ ರಾಜಕುಮಾರಿ. ನಡುವಿಗೆ ದಾರ ಬಿಗಿದುಕೊಂಡರು. ಊಟ ಅರ್ಧಕ್ಕೇ ಬಿಟ್ಟರು. ಹುಡುಗರು ಕೋಲು ಕತ್ತಿ ಹಿಡಿದು ಒಬ್ಬೊಬ್ಬರೇ ತಿರುಗಿದರು. ಬಿದ್ದರೆ ಹೇಳಲಿಲ್ಲ. ಅತ್ತವನನ್ನು ಹೆಣ್ಣಿಗ ಎಂದು ಅಣಕಿಸಿದರು. ಆ ಊರಿನಲ್ಲಿ ಆ ಮಾತು ಮೊದಲು ಬೈಗುಳವಾಗಿರಲಿಲ್ಲ.

ಚಟ್ಟಲೆಯೂ ದಾರ ಕಟ್ಟಿದಳು. ಅವಳ ದನಿ ಸಣ್ಣಗಾಯಿತು. ಮಾಚಯ್ಯನಿಗೆ ಸಂತೋಷ. ಈಗ ಮನೆ ಮನೆಯ ಹಾಗಿದೆ ಎಂದ. ದೊರೆ ಸೋವಿರಾಯನಿಗೂ ಸಂತೋಷ. ಹುಡುಗಿಯರು ಮೆದುವಾದರು, ಹುಡುಗರು ಗಟ್ಟಿಯಾದರು ಎಂದು ತೆರೆಯವನಿಗೆ ಶಾಲು ಹೊದಿಸಿದ. ಕಾಳವ್ವೆ ಮಾತ್ರ ಮಗಳ ತಟ್ಟೆಯಲ್ಲಿ ಉಳಿದ ಮುದ್ದೆ ನೋಡುತ್ತಿದ್ದಳು.

ಸಂಜೆಗೂಗು ತೆಳ್ಳಗಾಯಿತು. ಕೂಗಲು ಬಾಯಿ ಅಗಲ ತೆರೆಯಬೇಕು. ರಾಜಕುಮಾರಿ ಬಾಯಿ ಅಗಲ ತೆರೆಯುವುದಿಲ್ಲ. ಹುಡುಗಿಯರು ತುಟಿ ಮಾತ್ರ ಅಲುಗಿಸಿದರು. ಕೂಗುವುದೆಂದರೆ ನಾನು ಇಲ್ಲಿದ್ದೇನೆ, ನೋಡಿ ಎನ್ನುವುದು. ರಾಜಕುಮಾರ ಹಾಗೆ ಕರೆಯುವುದಿಲ್ಲ. ಹುಡುಗರು ಕೈಕಟ್ಟಿ ನಿಂತರು.

ಹಿರಿಯರು ಅದಕ್ಕೊಂದು ಉಪಾಯ ಮಾಡಿದರು. ಸದ್ದು ತಾನೆ ಬೇಕು ಎಂದರು. ಗೋಡೆಯ ಮೇಲೆ ದೊಡ್ಡ ಕೊಂಬುಗಳನ್ನು ಇಡಿಸಿದರು. ಕಟ್ಟುಮಸ್ತಾದ ಆಳುಗಳು ಊದಿದರು. ಕಣಿವೆ ನಡುಗಿತು. ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದರು.

ಕೊಂಬಿಗೆ ಹೆಸರಿಲ್ಲ. ಗವಿಮಿಗ ಮೇಲೆ ಹತ್ತತೊಡಗಿತು.

ಮೊದಲು ಗೋಡೆಯ ಬುಡದಲ್ಲಿ ಒದ್ದೆ ಕೈಗುರುತು ಕಂಡಿತು. ಬೆರಳುಗಳು ಮೊಳದುದ್ದ. ಮಾಚಯ್ಯ ಅದನ್ನು ಗಾರೆಯಿಂದ ಮುಚ್ಚಿದ. ಮರುದಿನ ಗುರುತು ಇನ್ನೂ ಮೇಲಿತ್ತು. ಅದನ್ನೂ ಮುಚ್ಚಿದ. ಆಡುಗಳು ಕಾಣೆಯಾದವು. ಆಮೇಲೆ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಬೊಗಳುವ ನಾಯಿ ಒಂದೂ ಉಳಿದಿರಲಿಲ್ಲ.

ಪಕ್ಕದ ಮನೆಯ ಪೋಚಲೆ ಬಾವಿಗೆ ಬಿದ್ದಳು. ಚಟ್ಟಲೆಯ ಗೆಳತಿ. ನೀರು ಸೇದಲು ಬಂದವರು ಸುಮ್ಮನೆ ಬಗ್ಗಿ ನೋಡಿದಾಗ ಕಂಡಳು. ಕಲ್ಲಿನ ಸಂದಿ ಹಿಡಿದು ನೀರಿನಲ್ಲಿ ನೇತಾಡುತ್ತಿದ್ದಳು. ತುಟಿ ನೀಲಿ. ಮುಖದಲ್ಲಿ ನಗು. ಮೇಲೆ ಎತ್ತಿ, ಕೂಗಬಾರದಿತ್ತೇನೇ ಎಂದು ಕೇಳಿದರು.

"ಕೂಗಿದರೆ ಮುಖ ಚೆನ್ನಾಗಿ ಕಾಣೋದಿಲ್ಲ," ಎಂದಳು ಪೋಚಲೆ.

ಅವಳ ಬಾಯಿಂದ ಬಂದದ್ದು ಬರೀ ಉಸಿರು. ದನಿ ಇರಲಿಲ್ಲ.

ಆ ಮಧ್ಯಾಹ್ನ ಆಟದ ಮುಂಚೆ ತೆರೆಯವನು ಎದ್ದು ಮಾತಾಡಿದ. ಅವನ ದನಿ ದಿನಕ್ಕೊಂದು ಥರ. ಅದೂ ಒಂದು ವಿದ್ಯೆ ಎಂದು ಜನ ಮೆಚ್ಚುತ್ತಿದ್ದರು. ಅಂದು ಅವನು ಮಾತಾಡಿದ್ದು ಪೋಚಲೆಯ ದನಿಯಲ್ಲಿ. ಚಟ್ಟಲೆ ಪಕ್ಕದವಳಿಗೆ ಹೇಳಲು ಹೋದಳು. ಅಷ್ಟರಲ್ಲಿ ರಾಜಕುಮಾರಿ ಹಾಡಿದಳು. ಹಾಡು ಇಂಪಾಗಿತ್ತು. ಚಟ್ಟಲೆ ಸುಮ್ಮನಾದಳು.

ಬಿಟ್ಟನಿಗೆ ಚೇಳು ಕಡಿದಿತ್ತು. ಅವನು ಯಾರಿಗೂ ಹೇಳಲಿಲ್ಲ. ಕಾಲು ಹಲಸಿನ ಹಣ್ಣಿನಂತೆ ಊದಿತು. ಕಾಳವ್ವೆ ನೋಡಿ ಅರಿಶಿನ ಹಚ್ಚುವಾಗ ಅವನು ಗೋಡೆ ದಿಟ್ಟಿಸುತ್ತಿದ್ದ. ನೋವಾಗುತ್ತಾ ಮಗನೇ ಎಂದಳು. ಇಲ್ಲ ಎಂದ. ಕಣ್ಣಿನಲ್ಲಿ ನೀರು ಬಂತು. ಕೆನ್ನೆಗೆ ಇಳಿಯುವ ಮೊದಲೇ ಅದು ಮಾಯವಾಯಿತು. ಯಾರೋ ಒರೆಸಿಕೊಂಡು ಹೋದ ಹಾಗೆ. ಮರುದಿನ ತೆರೆಯ ಮೇಲಿನ ರಾಜಕುಮಾರನ ಕತ್ತಿ ಇನ್ನಷ್ಟು ಹೊಳೆಯಿತು.

ಆಮೇಲೆ ಆ ಸಂಜೆ ಬಂತು.

ಕೊಂಬು ಊದಿ ಆಳುಗಳು ಇಳಿದು ಹೋಗಿದ್ದರು. ಚಟ್ಟಲೆ ಮತ್ತು ಬಿಟ್ಟ ಇನ್ನೂ ತಮ್ಮ ಕಲ್ಲಿನ ಮೇಲಿದ್ದರು. ಮಂಜು ಮೇಲೆ ಬಂತು. ಮಂಜಿನೊಳಗೆ ಕಲ್ಲಿಗೆ ಏನೋ ಉಜ್ಜುವ ಸದ್ದು. ಒದ್ದೆ ಸದ್ದು. ಗೋಡೆಯ ಅಂಚಿಗೆ ಒಂದು ಕೈ ಬಂದು ಕೂತಿತು. ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ಬಿಟ್ಟ ಅಕ್ಕನ ಸೆರಗು ಹಿಡಿಯಲಿಲ್ಲ. ಕೋಲು ಕತ್ತಿ ಎತ್ತಿದ.

"ನೀನು ಕೂತಿರು," ಎಂದ. "ನಾನು ಕೊಂದು ಬರ್ತೀನಿ."

ಗೋಡೆಯಿಂದ ಇಳಿದ.

ಚಟ್ಟಲೆ ಬಾಯಿ ತೆರೆದಳು. ಅವನ ಹೆಸರು ಕೂಗಬೇಕು. ತನ್ನ ಹೆಸರು ಕೂಗಬೇಕು. ಗಂಟಲಿನಿಂದ ಬಂದದ್ದು ಒಂದು ಸಣ್ಣ, ಚೆಂದದ ಉಸಿರು. ಅಷ್ಟೆ. ಮಂಜು ಮುಚ್ಚಿತು. ಕೆಳಗೆ ಒಂದು ಕೋಲು ಕಲ್ಲಿಗೆ ತಗುಲಿ ಉರುಳಿದ ಸದ್ದು ಕೇಳಿತು. ಬಿಟ್ಟ ಕೊನೆಯವರೆಗೂ ಕೂಗಲಿಲ್ಲ.

ದೊರೆ ಪಂಜು ಕೊಟ್ಟು ಸೈನಿಕರನ್ನು ಕಣಿವೆಗೆ ಇಳಿಸಿದ. ಅವರು ಬೆಳಗಿನವರೆಗೆ ಹುಡುಕಿದರು. ಗವಿ ಸಿಗಲಿಲ್ಲ. ದೊಡ್ಡವರ ಕಣ್ಣಿಗೆ ಅದು ಕಾಣುವುದಿಲ್ಲ. ಮಾಚಯ್ಯ ಗೋಡೆಗೆ ತಲೆಯಿಟ್ಟು ಕೂತುಬಿಟ್ಟ. ಕಾಳವ್ವೆ ಮಗಳನ್ನು ಎದುರಿಗೆ ಕೂರಿಸಿಕೊಂಡು ತನ್ನ ಅಜ್ಜಿ ಹೇಳಿದ್ದನ್ನು ಹೇಳಿದಳು. ಗವಿಮಿಗ ಹಿಡಿದ ಮಗುವನ್ನು ಕೂಡಲೆ ತಿನ್ನುವುದಿಲ್ಲ. ಕಲ್ಲು ಮಾಡುತ್ತದೆ. ಕಾಲಿನಿಂದ ಶುರು. ಮರುಸಂಜೆಯ ಹೊತ್ತಿಗೆ ಕಲ್ಲು ಬಾಯಿಗೆ ಬರುತ್ತದೆ. ಬಾಯಿ ಕಲ್ಲಾದರೆ ಮುಗಿಯಿತು. ಆಮೇಲೆ ಹಸಿದಾಗ ತಿನ್ನುತ್ತದೆ.

ಅಂದರೆ ಉಳಿದದ್ದು ಆ ಒಂದು ಹಗಲು.

ಹೇಳಿ ಕಾಳವ್ವೆ ಎದ್ದು ಹೋಗಿ ರೊಟ್ಟಿ ತಟ್ಟಿದಳು. ಮಗಳ ಮಡಿಲಿಗೆ ಕಟ್ಟಿದಳು. ಎಲ್ಲಿಗೆ ಹೋಗಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಮಧ್ಯಾಹ್ನ ಮಂಟಪದಲ್ಲಿ ಆಟ ನಡೆಯಿತು. ಒಂದು ಮಗು ಹೋಗಿತ್ತು, ಆದರೂ ನಡೆಯಿತು. ಭಯವಾದ ಮಕ್ಕಳು ಇನ್ನೂ ಒತ್ತೊತ್ತಾಗಿ ಕೂತರು. ಬೆಳಗಿನಿಂದ ಹುಡುಕಿ ದಾರಿ ಕಾಣದ ಚಟ್ಟಲೆಯೂ ಬಂದು ಅವರ ನಡುವೆ ಕೂತಳು. ಮಬ್ಬಿನಲ್ಲಿ ತೆರೆ ಬೆಳಗಿತು. ರಾಜಕುಮಾರ ಬಂದ. ನಕ್ಕ.

ಅದು ಬಿಟ್ಟನ ನಗು. ಕೊನೆಯಲ್ಲಿ ಬಿಕ್ಕಳಿಸುವ ಹಾಗೆ ಒಡೆಯುವ ನಗು. ಚಟ್ಟಲೆ ಅದನ್ನು ಅವನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದಳು.

ಅವಳು ಎದ್ದಳು. ತೆರೆಯ ಕಡೆಗೆ ನಡೆದಳು. ಕೂತುಕೋ, ಕಾಣೋದಿಲ್ಲ ಎಂದು ಹಿಂದಿನವರು ಗೊಣಗಿದರು. ತೆರೆಯವನು ತಿರುಗಿ ನೋಡಿದ. ಚಟ್ಟಲೆ ತೆರೆ ಮುಟ್ಟಿದಳು. ಅದು ಬಟ್ಟೆಯಲ್ಲ. ತಣ್ಣಗೆ, ಒದ್ದೆ. ಸಣ್ಣ ಸಣ್ಣ ರಂಧ್ರ. ಅದು ಚರ್ಮ. ಗವಿಮಿಗ ಕಳಚಿದ ಪೊರೆ.

ಅವಳು ಕೈ ಒತ್ತಿದಳು. ಕೈ ಒಳಗೆ ಹೋಯಿತು. ತೋಳು ಹೋಯಿತು. ಅವಳೂ ಹೋದಳು.

ಒಳಗೆ ಎಲ್ಲವೂ ಬಣ್ಣಬಣ್ಣ. ಗಾಳಿಗೆ ಮಾತ್ರ ಗವಿಯ ವಾಸನೆ. ಎದುರಿಗೆ ಚಿನ್ನದ ಬಾಗಿಲು. ಬಾಗಿಲೆಂದರೆ ಒಂದು ಬಳೆ. ನೆಟ್ಟಗೆ ನಿಂತಿತ್ತು. ಅದರ ಮೇಲೆ ಒಂದು ನವಿಲು. ನವಿಲಿನ ಗರಿಯ ಕಣ್ಣುಗಳೆಲ್ಲ ನಿಜವಾದ ಕಣ್ಣುಗಳು. ಅವು ಮಿಟುಕಿದವು.

"ಸಣ್ಣಗಾದವರು ಒಳಗೆ," ಎಂದಿತು ನವಿಲು.

ಕೆಳಗಿಳಿದು ಚಟ್ಟಲೆಯ ನಡುವಿನ ದಾರವನ್ನು ಕೊಕ್ಕಿನಿಂದ ಎಳೆಯಿತು. ಬಿಗಿಯಿತು. ಚಟ್ಟಲೆ ಬಾಗಿಲಿಗೆ ತೂರಲು ನೋಡಿದಳು. ಹಿಡಿಸಲಿಲ್ಲ. ನವಿಲು ಇನ್ನೊಮ್ಮೆ ಬಿಗಿಯಿತು. ಹಿಡಿಸಲಿಲ್ಲ. ಮತ್ತೊಮ್ಮೆ ಬಿಗಿಯಿತು. ಉಸಿರು ನಿಂತ ಹಾಗಾಯಿತು. ಆಗ ಅವಳಿಗೆ ಪಕ್ಕದ ಗೋಡೆ ಕಂಡಿತು. ಅಲ್ಲಿ ಹುಡುಗಿಯರನ್ನು ತೂಗುಹಾಕಿದ್ದರು. ಚಪ್ಪಟೆಯಾಗಿದ್ದರು, ಒಣಹಾಕಿದ ಹಚ್ಚಡದಂತೆ. ಬಣ್ಣ ಇತ್ತು. ದಪ್ಪ ಇರಲಿಲ್ಲ. ಅವರ ಕಣ್ಣುಗಳು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಕಣ್ಣುಗಳು ನವಿಲಿನ ಗರಿಯಲ್ಲಿದ್ದವು.

ಚಟ್ಟಲೆ ಬಾಗಿಲನ್ನು ಮತ್ತೆ ನೋಡಿದಳು. ಅದು ಮೊದಲಿಗಿಂತ ಕಿರಿದಾಗಿತ್ತು. ತಾನು ಸಣ್ಣಗಾದಷ್ಟೂ ಅದೂ ಸಣ್ಣಗಾಗುತ್ತಿತ್ತು.

ಅವಳು ದಾರ ಹರಿದಳು. ನೆಲದಲ್ಲಿ ಕೂತು ಮಡಿಲಿನ ರೊಟ್ಟಿ ಬಿಚ್ಚಿದಳು. ಚೂರೂ ಬಿಡದೆ ತಿಂದು, ಹೊಟ್ಟೆ ತುಂಬ ಉಸಿರು ಎಳೆದಳು. ಬಳೆ ಕಿರುಗುಟ್ಟಿತು. ಅಗಲವಾಯಿತು. ಗಾಡಿ ಹೋಗುವಷ್ಟು ಅಗಲವಾಯಿತು. ನವಿಲು ಕೂಗಲು ಬಾಯಿ ತೆರೆಯಿತು, ಬೂದಿಯಾಗಿ ಉದುರಿತು.

ಆಚೆಗೆ ಗೋಪುರ. ಮೇಲೆ ಮೆತ್ತನೆಯ ಎರಡು ಪೀಠ. ಒಂದರಲ್ಲಿ ರಾಜಕುಮಾರಿ. ದಿನಾ ತೆರೆಯ ಮೇಲೆ ನೋಡುತ್ತಿದ್ದವಳೇ. ಬೋಗುಣಿ ಕಣ್ಣಿನವಳು. ಕೊರಳಿನಲ್ಲಿ ಮಣಿಸರ. ಪೀಠದ ಹತ್ತಿರ ಒಂದು ಬಿಳಿ ಜಿಂಕೆ.

"ದಣಿದಿದ್ದೀಯ," ಎಂದಿತು ಜಿಂಕೆ. "ಕೂತುಕೋ. ಬರುವವನು ಬರುತ್ತಾನೆ."

ದಣಿದದ್ದು ನಿಜ. ಚಟ್ಟಲೆ ಕೂತಳು. ಪೀಠ ಬೆಚ್ಚಗಿತ್ತು. ಯಾಕೆ ಬಂದೆ ಎಂಬುದು ಸ್ವಲ್ಪ ಮಸುಕಾಯಿತು. ಯಾರನ್ನೋ ಹುಡುಕಬೇಕಿತ್ತು. ಚಿಕ್ಕವನು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಆಮೇಲೆ ನೆನಪಾಗುತ್ತದೆ ಎಂದುಕೊಂಡಳು. ಪಾದದಲ್ಲಿ ತುರಿಕೆ. ಬಗ್ಗಿ ನೋಡಲಿಲ್ಲ.

ಮಾತಿಗೆ ಮಾತು ಎಂಬಂತೆ ಪಕ್ಕದವಳನ್ನು ಪಿಸುದನಿಯಲ್ಲಿ ಕೇಳಿದಳು. "ಯಾರು ಬರೋದು?"

"ಬರುವವನು," ಎಂದಳು ರಾಜಕುಮಾರಿ.

"ಅವನ ಹೆಸರೇನು?"

"ಗೊತ್ತಿಲ್ಲ."

"ನಿನ್ನ ಹೆಸರು?"

ರಾಜಕುಮಾರಿಯ ದೊಡ್ಡ ಕಣ್ಣು ಇನ್ನೂ ದೊಡ್ಡದಾಯಿತು.

"ಇಟ್ಟಿಲ್ಲ," ಎಂದಳು. "ಇಲ್ಲಿ ಯಾರೂ ಕೇಳಿರಲಿಲ್ಲ."

ಚಟ್ಟಲೆಗೆ ಒಮ್ಮೆಲೆ ಸಂಜೆಗೂಗು ನೆನಪಾಯಿತು. ಹೆಸರಿಲ್ಲದವಳು ಏನೆಂದು ಕೂಗುತ್ತಾಳೆ. ಗವಿಮಿಗ ಬಂದರೆ ಏನು ಮಾಡುತ್ತಾಳೆ. ತನ್ನ ಹೆಸರನ್ನು ನೆನೆದಳು. ಅದೂ ತಡವಾಗಿ ಬಂತು. ಚಟ್ಟಲೆ. ಮಾಚಯ್ಯ, ಕಾಳವ್ವೆಯರ ಮಗಳು. ಬಿಟ್ಟನ ಅಕ್ಕ. ಬಿಟ್ಟ.

ಬಗ್ಗಿ ನೋಡಿದಳು. ಪಾದದಿಂದ ಬೇರು ಬಿಟ್ಟಿತ್ತು. ಬಿಳಿ ಬೇರು ಪೀಠದೊಳಗೆ ಇಳಿದಿತ್ತು. ಎರಡೂ ಕೈಯಿಂದ ಕಾಲು ಹಿಡಿದು ಎಳೆದಳು. ಬೇರಿನ ಜೊತೆ ಚರ್ಮವೂ ಕಿತ್ತು ಬಂತು. ರಕ್ತ ಬಂತು. ಜಿಂಕೆ ಆ ರಕ್ತ ನೆಕ್ಕಲು ಬಂದಿತು. ಅದರ ಬಾಯಲ್ಲಿ ತೋಳದ ಹಲ್ಲುಗಳಿದ್ದವು. ಚಟ್ಟಲೆ ಕಾಲು ಝಾಡಿಸಿ ಒದ್ದಳು. ಅದು ಗೋಪುರದಿಂದ ಕೆಳಗೆ ಹೋಯಿತು. ಬಿದ್ದ ಸದ್ದು ಕೇಳಲೇ ಇಲ್ಲ.

ಆಗ ಅವಳು ಮಣಿಸರ ನೋಡಿದಳು. ಒಂದೊಂದು ಮಣಿಯೊಳಗೂ ಒಂದೊಂದು ದನಿ. ಹತ್ತಿರ ಹೋದರೆ ಕೇಳುತ್ತಿತ್ತು. ಪೋಚಲೆಯ ದನಿ ಇತ್ತು. ಒಂದು ಮಣಿಯಲ್ಲಿ ಕಾಗೆ ಏಳಿಸುವ ಒರಟು ದನಿ.

"ಅದು ನನ್ನದು," ಎಂದು ಸನ್ನೆ ಮಾಡಿದಳು ಚಟ್ಟಲೆ. ಅಷ್ಟು ಹೊತ್ತಿಗೆ ಅವಳಿಗೆ ಪಿಸುಮಾತೂ ಬರುತ್ತಿರಲಿಲ್ಲ.

ರಾಜಕುಮಾರಿ ಸರವನ್ನು ಅದುಮಿ ಹಿಡಿದಳು. ಕೊಟ್ಟರೆ ತನಗೆ ಹಾಡಿಲ್ಲ ಎಂದಳು. ಹಾಡಿಲ್ಲದಿದ್ದರೆ ಬರುವವನು ಬರುವುದಿಲ್ಲ ಎಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಚಟ್ಟಲೆಯ ರಕ್ತದ ಪಾದಗಳ ಮೇಲೆ ನಿಂತಿತು. ಆ ಪಾದಗಳು ನೆಲದ ಮೇಲೆ ನಿಂತಿದ್ದವು. ಅತ್ತ ಇತ್ತ ಹೋಗಬಲ್ಲವು.

"ನೋಯುತ್ತಾ?" ಎಂದು ಕೇಳಿದಳು.

ಚಟ್ಟಲೆ ಹೌದು ಎಂದು ತಲೆಯಾಡಿಸಿದಳು.

ರಾಜಕುಮಾರಿ ಮಣಿಸರ ಬಿಟ್ಟಳು. ಕೈ ಮುಂದೆ ಚಾಚಿದಳು. ಚಟ್ಟಲೆ ಕಾಲು ಊರಿ ಎಳೆದಳು. ರಾಜಕುಮಾರಿಯ ಬೇರು ಹಳೆಯದು, ದಪ್ಪ. ಕೀಳುವಾಗ ಗೋಪುರವೇ ಅಲುಗಿತು. ಸರ ಹರಿಯಿತು. ಮಣಿಗಳು ಚೆಲ್ಲಾಪಿಲ್ಲಿಯಾದವು, ಒಡೆದವು. ಚಟ್ಟಲೆಯ ಗಂಟಲಿಗೆ ಖಾರದ ಸಾರಿನಂತೆ ಏನೋ ಇಳಿಯಿತು. ಕೆಮ್ಮಿದಳು. ಕೆಮ್ಮು ದೊಡ್ಡದಾಗಿ ಕೇಳಿತು.

ಗೋಪುರ ಕರಗಿತು. ಬಣ್ಣಗಳೂ ಕರಗಿದವು. ಈಗ ಕಂಡದ್ದು ನಿಜವಾದ ಗವಿ.

ಕತ್ತಲೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲ ಕಡೆ ಕಲ್ಲುಗಳು, ಮಕ್ಕಳ ಎತ್ತರ. ಕೈಯಿಂದ ತಡವಿದರೆ ಭುಜ ಸಿಗುತ್ತಿತ್ತು, ಜಡೆ ಸಿಗುತ್ತಿತ್ತು, ಮುಷ್ಟಿ ಸಿಗುತ್ತಿತ್ತು. ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಗವಿಯ ಆ ತುದಿಯಲ್ಲಿ ಏನೋ ಮಗ್ಗುಲು ಬದಲಿಸಿತು. ಒದ್ದೆ ಕೈ ನೆಲ ತಡವುತ್ತಾ ಬಂತು.

"ಬಿಟ್ಟ," ಎಂದು ಚಟ್ಟಲೆ ಕೂಗಿದಳು.

ಕೈ ಹತ್ತಿರ ಬಂತು.

ತನ್ನ ಹೆಸರು ಕೂಗಿದಳು. ಕೈ ಸುಟ್ಟು ಹಿಂದೆ ಸರಿಯಿತು. ಮತ್ತೆ ಬಂತು. ಅದು ಅದರ ಮನೆ. ಒಂದು ದನಿಗೆ ಅಲ್ಲಿಂದ ಓಡುವ ಮೃಗವಲ್ಲ ಅದು.

"ಬಿಟ್ಟ, ನಿನ್ನ ಅಕ್ಕ ಕಣೋ."

ಬಿಟ್ಟನಿಗೆ ಕೇಳುತ್ತಿತ್ತು. ಕಲ್ಲು ಅವನ ಗದ್ದದವರೆಗೆ ಬಂದಿತ್ತು. ಬಾಯಿ ಇನ್ನೂ ಮಾಂಸದ್ದೇ ಇತ್ತು. ಆದರೆ ಅವನು ಹಲ್ಲು ಕಚ್ಚಿ ನಿಂತಿದ್ದ. ಮೃಗ ಕೊಲ್ಲಲು ಬಂದವನು ಅಕ್ಕನನ್ನು ಕರೆಯುವುದು ಹೇಗೆ. ಅದಕ್ಕಿಂತ ಕಲ್ಲಾಗುವುದು ಸುಲಭ ಎನಿಸಿತ್ತು ಅವನಿಗೆ.

ಕೈ ಚಟ್ಟಲೆಯ ಪಾದ ಹಿಡಿಯಿತು. ಪಾದ ತಣ್ಣಗಾಯಿತು. ಹೆಬ್ಬೆರಳು ಕಲ್ಲಾಯಿತು. ಆ ಬೆರಳು ಅಲುಗಲಿಲ್ಲ. ಇದು ಒಬ್ಬಳಿಂದ ಆಗುವುದಲ್ಲ ಎಂದು ಅವಳಿಗೆ ತಿಳಿಯಿತು. ರಾಜಕುಮಾರಿ ಅವಳ ಹಿಂದೆ ನಿಂತು ಅವಳ ಸೆರಗು ಹಿಡಿದಿದ್ದಳು.

ಚಟ್ಟಲೆ ಕೂಗುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಮಾತಾಡುವಂತೆ ಮಾತಾಡಿದಳು.

"ಲೋ ಬಿಟ್ಟ. ನನಗೆ ಭಯ ಆಗ್ತಿದೆ. ನನ್ನ ಕಾಲು ಕಲ್ಲಾಗ್ತಿದೆ. ನಾನೊಬ್ಬಳೇ ಇದನ್ನ ಓಡಿಸೋಕಾಗಲ್ಲ. ನಿನ್ನನ್ನ ಕಾಪಾಡೋಕೆ ಬಂದೆ ಅಂದುಕೊಂಡಿದ್ದೆ. ಈಗ ನೀನೇ ನನ್ನ ಜೊತೆ ಕೂಗಬೇಕು. ಕೂಗೋ."



ಆಮೇಲೆ ಎಡಗಡೆಯಿಂದ ಮೂಗು ಎಳೆದುಕೊಂಡ ಸದ್ದು.

"ಅಕ್ಕ," ಎಂದಿತು ಒಂದು ಸಣ್ಣ ದನಿ. "ನನಗೂ ಭಯ. ಮೊದಲಿಂದ ಭಯ. ಇಲ್ಲಿದ್ದೀನಿ."

ಹೇಳಿದವನೇ ಅತ್ತ. ಜೋರಾಗಿ ಅತ್ತ. ಚೇಳು ಕಡಿದ ದಿನದ ಅಳುವೂ ಅದರಲ್ಲಿ ಸೇರಿತ್ತು. ಕಣ್ಣೀರು ಹರಿದ ಕಡೆಯೆಲ್ಲ ಕಲ್ಲು ಸುಣ್ಣದಂತೆ ಕರಗಿತು. ಚಟ್ಟಲೆ ದನಿ ಹಿಡಿದು ಕುಂಟುತ್ತಾ ಹೋದಳು. ಅವನ ಕೈ ಸಿಕ್ಕಿತು. ಬೆಚ್ಚಗಿತ್ತು. ಇಬ್ಬರೂ ಬಾಯಿ ತುಂಬ ತಂತಮ್ಮ ಹೆಸರು ಕೂಗಿದರು.

ಗವಿಮಿಗದ ಮೈ ಬಿರಿಯಿತು. ಮೈ ಬಿರಿದಲ್ಲಿ ಪೊರೆಯೂ ಬಿರಿಯಿತು.

ಮಂಟಪದಲ್ಲಿ ಕೂತಿದ್ದ ಮಕ್ಕಳು ತೆರೆ ಮೇಲಿನಿಂದ ಕೆಳಕ್ಕೆ ಸೀಳಿದ್ದನ್ನು ಕಂಡರು. ಸೀಳಿನ ಆಚೆ ಬಣ್ಣ ಇರಲಿಲ್ಲ. ಗವಿ ಇತ್ತು. ಗವಿಯಲ್ಲಿ ಕಣ್ಣಿಲ್ಲದ ಆ ಮುಖ ಇತ್ತು. ಅದು ಸೀಳಿನಿಂದ ತಲೆ ಹೊರಗೆ ಹಾಕಿತು. ಕಿವಿ ಆಡಿಸಿತು. ಮಕ್ಕಳು ಮರಗಟ್ಟಿ ಕೂತಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಕೈ ಮುಂದಿನ ಸಾಲಿನ ಕಡೆಗೆ ಚಾಚಿತು.

ಮುಂದಿನ ಸಾಲಿನಲ್ಲಿ ಪೋಚಲೆ ಇದ್ದಳು. ಅವಳ ದನಿ ಅವಳಿಗೆ ಮರಳಿ ಬಂದಿತ್ತು. ಬಾಯಿ ತೆರೆದರೆ ಸಾಕಿತ್ತು. ತೆರೆದಳು. ಮುಖವೆಲ್ಲ ಬಾಯಾಯಿತು. ಮೂಗು ಸುಕ್ಕಾಯಿತು, ಕೊರಳ ನರ ಉಬ್ಬಿತು.

"ಪೋಚಲೆ," ಎಂದು ಕೂಗಿದಳು.

ಆಮೇಲೆ ಅವಳ ಪಕ್ಕದವನು ಕೂಗಿದ. ಅಳುತ್ತಲೇ ಕೂಗಿದ. ಅವನ ಪಕ್ಕದವಳು. ಹಿಂದಿನ ಸಾಲು. ಮಂಟಪದ ಕಂಬಳಿಗಳು ಹಾರಿಹೋಗುವ ಹಾಗೆ ಎಲ್ಲರೂ ಕೂಗಿದರು. ಗವಿಮಿಗ ಹೊರಳಾಡಿತು. ದನಿ ಇಲ್ಲದ ಕಡೆ ಹುಡುಕಿತು. ಆ ಮಂಟಪದಲ್ಲಿ ದನಿ ಇಲ್ಲದವನು ಒಬ್ಬನೇ ಇದ್ದ.

ತೆರೆಯವನು ಕೂಗಲು ಬಾಯಿ ತೆರೆದ. ಎಷ್ಟೋ ವರ್ಷದಿಂದ ಬೇರೆಯವರ ದನಿಯಲ್ಲಿ ಮಾತಾಡಿದವನು. ಅವನದು ಎಂದೋ ಒಣಗಿತ್ತು. ಹೆಸರೂ ಮರೆತಿತ್ತು. ಉದ್ದ ಕೈ ಅವನನ್ನು ಸುತ್ತಿಕೊಂಡಿತು. ಕಾಲಿನಿಂದ ಕಲ್ಲಾದ. ಮಕ್ಕಳು ಕಣ್ಣು ಮುಚ್ಚಿಕೊಂಡೇ ಕೂಗಿದರು. ಕಣ್ಣು ತೆರೆದಾಗ ಗವಿಮಿಗ ಹಿಡಿ ಮಂಜಾಗಿ ನೆಲದ ಮೇಲೆ ಹರಡಿತ್ತು. ಕಂಬಳಿ ಕಳಚಿದ ಕಡೆಯಿಂದ ಬಿಸಿಲು ಬಿದ್ದು ಅದೂ ಹೋಯಿತು. ತೆರೆಯವನ ಕಲ್ಲು ಮಾತ್ರ ಉಳಿಯಿತು.

ಸೀಳಿನಿಂದ ಮಕ್ಕಳು ಹೊರಬಂದರು. ಚಟ್ಟಲೆ, ಬಿಟ್ಟ, ಚಟ್ಟಲೆಯ ಸೆರಗು ಹಿಡಿದ ರಾಜಕುಮಾರಿ. ಅವರ ಹಿಂದೆ ಕಲ್ಲಾಗಿದ್ದವರೆಲ್ಲ. ತೂಗುಹಾಕಿದ್ದವರು ಮೈ ತುಂಬಿಕೊಂಡು, ಕಣ್ಣುಜ್ಜಿಕೊಳ್ಳುತ್ತಾ ಬಂದರು. ಕೆಲವರ ಉಡುಗೆ ಬಹಳ ಹಳೆಯ ಕಾಲದ್ದು. ಅವರ ತಂದೆತಾಯಿ ಎಂದೋ ತೀರಿಹೋಗಿದ್ದರು. ಅವರು ಅವ್ವ ಎಂದು ಕರೆದರು, ಯಾರೂ ಓಗೊಡಲಿಲ್ಲ. ಕೂಗು ಕೇಳಿ ಊರೆಲ್ಲ ಓಡಿ ಬಂದಿತ್ತು. ಕಾಳವ್ವೆ ಮಗನನ್ನು ಒಂದು ಕೈಯಲ್ಲಿ ಅವುಚಿಕೊಂಡೇ ಇನ್ನೊಂದು ಕೈಯಿಂದ ಅಂಥ ಒಂದು ಮಗುವನ್ನು ಎತ್ತಿಕೊಂಡಳು. ಆಮೇಲೆ ಮಿಕ್ಕವರೂ ಎತ್ತಿಕೊಂಡರು. ಸಂಜೆಯ ಹೊತ್ತಿಗೆ ಮನೆ ಇಲ್ಲದ ಮಗು ಒಂದೂ ಉಳಿಯಲಿಲ್ಲ.

ದೊರೆ ಸೋವಿರಾಯ ತಲೆ ತಗ್ಗಿಸಿ ನಿಂತಿದ್ದ. ಶಾಲು ಹೊದಿಸಿದವನು ಅವನೇ. ಮಾಚಯ್ಯ ಮಗಳ ಹತ್ತಿರ ಬಂದ. ಅವಳ ಕಾಲು ತೊಳೆದು ಬಟ್ಟೆ ಕಟ್ಟಿದ. ಒಂದು ಹೆಬ್ಬೆರಳು ಕಲ್ಲಾಗಿಯೇ ಉಳಿದಿತ್ತು.

"ಭಾರ ಆಗುತ್ತಾ?" ಎಂದ.

"ಒದೆಯೋಕೆ ಚೆನ್ನಾಗಿದೆ," ಎಂದಳು ಚಟ್ಟಲೆ.

ಗವಿಮಿಗ ಹೋದರೂ ಮಕ್ಕಳು ಕೂಗುವುದನ್ನು ಬಿಡಲಿಲ್ಲ. ರೂಢಿ, ಅಷ್ಟೆ. ಚಿತ್ರದ ಆಟವನ್ನೂ ಬಿಡಲಿಲ್ಲ. ಈ ಸಲ ತೆರೆಗೆ ಅವರೇ ಹಳೆಯ ಪಂಚೆ ಕಟ್ಟಿದರು. ಕತೆಯನ್ನು ಅವರೇ ಹೊಸೆದರು. ದಿನಾ ಬೇರೆ ಬೇರೆ ಕತೆ. ಒಂದೊಂದು ಬಹಳ ಕೆಟ್ಟದಾಗಿತ್ತು. ಮೃಗದ ಪಾತ್ರಕ್ಕೆ ಮಾತ್ರ ಹುಡುಗಿಯರೂ ಹುಡುಗರೂ ಜಗಳವಾಡಿದರು.

ರಾಜಕುಮಾರಿ ಕಾಳವ್ವೆಯ ಮನೆಯಲ್ಲಿ ಬೆಳೆದಳು. ಮುದ್ದೆ ತಿಂದಳು. ನಡು ನಡುವಿನ ಹಾಗಾಯಿತು. ಕಣ್ಣು ಮುಖಕ್ಕೆ ತಕ್ಕಷ್ಟಾಯಿತು. ಹೆಸರು ಮಾತ್ರ ಆರಿಸಲಾರದೆ ಒದ್ದಾಡಿದಳು. ದಿನಕ್ಕೊಂದು ಹೇಳುತ್ತಿದ್ದಳು, ಮರುದಿನ ಇದು ಬೇಡ ಎನ್ನುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಒಂದು ದಿನ ಹುಣಸೆ ಮರ ಹತ್ತಿ, ಕೊಂಬೆ ಮುರಿದು ಬಿದ್ದಳು. ಮೊಣಕಾಲು ಒಡೆಯಿತು. ಮುಂದಿನ ಹಲ್ಲು ಚೂರಾಯಿತು. ಅವಳು ಬಾಯಿ ಅಗಲ ತೆರೆದು ಅತ್ತಳು. ಕೇರಿಯ ಜನವೆಲ್ಲ ಓಡಿ ಬಂದರು. ಬಿಟ್ಟ ಎಲ್ಲರಿಗಿಂತ ಮುಂದೆ ಬಂದ. ಅವಳ ರಕ್ತ ನೋಡಿ ಅವನಿಗೂ ಅಳು ಬಂತು.

ಅವಳು ಅಳು ನಿಲ್ಲಿಸಿ ಸುತ್ತ ನೋಡಿದಳು. ಇಷ್ಟೊಂದು ಜನ.

"ಹೆಸರಿಲ್ಲದಿದ್ದರೂ ಕೇಳಿಸಿತಾ?" ಎಂದಳು.

ಕೇಳಿಸಿತು ಎಂದರು. ಅವಳು ಮುರಿದ ಹಲ್ಲು ತೋರಿಸಿ ನಕ್ಕಳು. ಆಮೇಲೆ, ಇನ್ನೂ ನೋಯುತ್ತಿದ್ದುದರಿಂದ, ಮತ್ತೆ ಅತ್ತಳು.

ಅಲ್ಲಿಂದ ಮುಂದೆ ಕೂಗುಗಿರಿಯವರು ಹೊಟ್ಟೆ ತುಂಬ ಉಂಡರು, ಕಣ್ತುಂಬ ನಿದ್ದೆ ಮಾಡಿದರು. ಕತೆ ಕೇಳಿದವರೂ ಹಾಗೇ ಮಾಡಿ.